ಕರೆಂಟು ಜೋರೋ, ಮ್ಯಾಗ್ನೆಟ್ಟು ಜೋರೋ?

ದಸರಾ ರಜೆಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ತುಮಕೂರು ಜಿಲ್ಲೆಯ ಒಂದು ಸಣ್ಣ ಪೇಟೆ. ಅಲ್ಲಿ ಅಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಬೇಸಿಗೆಯಲ್ಲಿ ಫ್ಯಾನು, ಮದುವೆ ಸೀಸನ್ನಿನಲ್ಲಿ ಗ್ರೈಂಡರು, ಎಲ್ಲಾ ಅಲ್ಲಿಗೇ ಬರುತ್ತವೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಗಾಗಿ ನಮ್ಮ ಮನೆಯಲ್ಲಿ ಊದುಬತ್ತಿಗಿಂತ ವಾರ್ನಿಷ್ ವಾಸನೆಯೇ ಜಾಸ್ತಿ.

ಆಯುಧಪೂಜೆ ಮುಗಿದ ಮಾರನೇ ದಿನ. ಮೋಟಾರುಗಳ ಮೇಲೆ ಇಟ್ಟಿದ್ದ ಚೆಂಡುಹೂವು ಇನ್ನೂ ಬಾಡಿರಲಿಲ್ಲ. ಅಪ್ಪ ಒಂದು ಸ್ಟೇಟರ್ ಮುಂದಿಟ್ಟುಕೊಂಡು ಸ್ಲಾಟ್‌ಗಳಿಗೆ ಇನ್ಸುಲೇಷನ್ ಪೇಪರ್ ಕೂರಿಸುತ್ತಿದ್ದರು. ಅಣ್ಣನ ಮಗಳು ಪುಟ್ಟಿ, ಹತ್ತನೇ ಕ್ಲಾಸು, ವಿಜ್ಞಾನದ ಪುಸ್ತಕ ಹಿಡಿದು ನನ್ನ ಪಕ್ಕ ಬಂದು ಕೂತಳು.

"ಅತ್ತೆ, ಕರೆಂಟಿನ ಬಲ ಜಾಸ್ತಿನಾ, ಮ್ಯಾಗ್ನೆಟ್ಟಿನ ಬಲ ಜಾಸ್ತಿನಾ?"

ಮೊಬೈಲ್ ನೋಡ್ತಿದ್ದವಳು ತಲೆ ಎತ್ತದೇ ಹೇಳಿದೆ, "ಎರಡೂ ಒಂದೇ ಕಣೇ. ವಿದ್ಯುತ್ಕಾಂತೀಯ ಬಲ ಅಂತ."

"ಒಂದೇ ಆದ್ರೆ ಎರಡು ಪಾಠ ಯಾಕಿದೆ?"

ಅಪ್ಪ ಕೆಲಸದಿಂದ ಕಣ್ಣು ತೆಗೆಯದೇ ಸಣ್ಣಗೆ ನಕ್ಕರು. ಆ ನಗು ನನಗೆ ತಗುಲಿತು. ಅದಕ್ಕೊಂದು ಹಳೇ ಕಾರಣ ಇದೆ.

ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗಿನ ಮಾತು. ಇದೇ ಅಂಗಡಿಯಲ್ಲಿ, ಇಂಥದೇ ಒಂದು ರಜೆಯಲ್ಲಿ ಅಪ್ಪ ಕೇಳಿದ್ದರು. "ನಾವು ಕರೆಂಟು ಕೊಡೋದು ಹೊರಗಿನ ಸ್ಟೇಟರ್‌ಗೆ. ಒಳಗಿನ ರೋಟಾರ್‌ಗೆ ಒಂದು ತಂತಿಯೂ ಹೋಗಿಲ್ಲ. ನಡುವೆ ಗಾಳಿ. ಮತ್ತೆ ಅದನ್ನ ಹಿಡಿದು ತಿರುಗಿಸೋದು ಯಾರು?" ನಾನು ಒಂದು ಸೂತ್ರ ಹೇಳಿದೆ. ಅವರು ಇನ್ನೊಂದು ಸಲ ಕೇಳಿದರು. "ಅದೆಲ್ಲ ನಿಮಗೆ ಅರ್ಥ ಆಗಲ್ಲ ಬಿಡಿ ಅಪ್ಪ" ಅಂದೆ. ನಿಜ ಹೇಳಬೇಕಂದ್ರೆ ಅರ್ಥ ಆಗಿರದಿದ್ದದ್ದು ನನಗೆ. ಫೀಲ್ಡ್ ಥಿಯರಿಯಲ್ಲಿ ಒಳ್ಳೇ ಅಂಕವೇ ಬಂದಿತ್ತು, ಆದರೆ ಅದು ಬಾಯಿಪಾಠದ ಅಂಕ. ಅಪ್ಪ ಓದಿದ್ದು ಏಳನೇ ಕ್ಲಾಸು. ಆವತ್ತಿನಿಂದ ಅವರು ನನ್ನ ಹತ್ತಿರ ಮೋಟಾರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ಹನ್ನೊಂದು ವರ್ಷ ಆಯ್ತು.

ಮೊಬೈಲ್ ಬದಿಗಿಟ್ಟೆ. "ನಿನಗೇನನ್ಸುತ್ತೆ ಹೇಳು ಪುಟ್ಟಿ" ಅಂದೆ.

ಅವಳ ಓಟು ಕರೆಂಟಿಗೆ. ಸಿಡಿಲು ಹೊಡೆದರೆ ತೆಂಗಿನಮರ ಸುಟ್ಟುಹೋಗುತ್ತೆ, ಮ್ಯಾಗ್ನೆಟ್ ಏನು ಮಾಡುತ್ತೆ ಅಂತ ಅವಳ ವಾದ. ಅಪ್ಪನ ಓಟು ಮ್ಯಾಗ್ನೆಟ್ಟಿಗೆ. ಮೇಜಿನ ಕೆಳಗಿಂದ ಹಳೇ ಸ್ಪೀಕರಿನ ಮ್ಯಾಗ್ನೆಟ್ ತೆಗೆದು ಸ್ಪ್ಯಾನರ್ ಮೇಲೆ ಇಟ್ಟರು. ಟಕ್ ಅಂತ ಕಚ್ಚಿಕೊಂಡಿತು. ಸ್ಪ್ಯಾನರ್ ಸಮೇತ ಎತ್ತಿ ತೋರಿಸಿದರು. ಪುಟ್ಟಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದಳು. ಎರಡು ಚೂರು ಅಲುಗಾಡಿದವು, ಒಂದು ಹಾರಿ ಅಂಟಿತು, ತಕ್ಷಣ ಬಿದ್ದೂ ಹೋಯಿತು. ಮಳೆ ಇನ್ನೂ ಹೋಗಿರಲಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಬಾಚಣಿಗೆ ಆಟ ನಡೆಯೋದಿಲ್ಲ. ಏನೇ ಆಗಲಿ, ಅಂಗಡಿಯ ಮೇಜಿನ ಮೇಲೆ ಗೆದ್ದಿದ್ದು ಅಪ್ಪ.

ಆದರೆ ಅದು ಸರಿಯಾದ ತೀರ್ಪಲ್ಲ ಅನ್ನೋದು ನನಗೆ ಗೊತ್ತಿತ್ತು. ಯಾಕಲ್ಲ ಅನ್ನೋದನ್ನು ನನ್ನ ಬಾಯಲ್ಲಿ ಹೇಳೋಕೆ ಬರ್ತಿರಲಿಲ್ಲ. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆಗೆದೆ.

ಅಪ್ಪನ ಅಂಗಡಿಯ ತಾಮ್ರದ ತಂತಿಯನ್ನೇ ಲೆಕ್ಕಕ್ಕೆ ತಗೊಂಡೆ. ಅಡ್ಡ ಕೊಯ್ದರೆ 1 ಚದರ ಮಿಲಿಮೀಟರ್ ಇರುವ, 1 ಮೀಟರ್ ಉದ್ದದ ತಂತಿ. ತೂಕ ಸುಮಾರು 9 ಗ್ರಾಂ. ಅಷ್ಟರಲ್ಲಿ ಓಡಾಡಬಲ್ಲ ಎಲೆಕ್ಟ್ರಾನುಗಳೇ 85ರ ಮುಂದೆ 21 ಸೊನ್ನೆ ಹಾಕಿದಷ್ಟು. ಅವುಗಳ ಒಟ್ಟು ವಿದ್ಯುದಂಶ ಸುಮಾರು 13,600 ಕೂಲಂಬ್. ಪುಟ್ಟಿ ಹೆದರುವ ಸಿಡಿಲು ಒಂದು ಸಲ ನೆಲಕ್ಕೆ ಇಳಿಸೋದು ಸಾಮಾನ್ಯವಾಗಿ 15-20 ಕೂಲಂಬ್. ಅಂದ್ರೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ತಂತಿಯ ಚೂರಿನಲ್ಲಿ ನೂರಾರು ಸಿಡಿಲಿನ ಸರಕು ಇದೆ.

ಮತ್ತೆ ಅದು ಯಾಕೆ ನಮಗೆ ಹೊಡೆಯೋದಿಲ್ಲ? ಯಾಕಂದ್ರೆ ಪ್ರತಿ ಎಲೆಕ್ಟ್ರಾನಿನ ಋಣ ವಿದ್ಯುದಂಶಕ್ಕೆ ಎದುರಾಗಿ ಪರಮಾಣುವಿನ ನಡುವೆ ಅಷ್ಟೇ ಧನ ವಿದ್ಯುದಂಶ ಕೂತಿದೆ. ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತೆ. ಹೊರಗಿನವರಿಗೆ ಲೆಕ್ಕ ಸೊನ್ನೆ.

ಆ ತಾಳೆ ತಪ್ಪಿದರೆ ಏನಾಗುತ್ತೆ ಅಂತ ನೋಡೋಣ. ಇಂಥ ಎರಡು ಉದ್ದನೆಯ ತಂತಿಗಳು 1 ಮೀಟರ್ ದೂರದಲ್ಲಿ ಪಕ್ಕಪಕ್ಕ ಇವೆ ಅಂದುಕೊಳ್ಳಿ. ಎರಡರಲ್ಲೂ ಧನ ವಿದ್ಯುದಂಶ ಮಾಯವಾಗಿ ಬರೀ ಆ ಎಲೆಕ್ಟ್ರಾನುಗಳು ಉಳಿದವು ಅಂದುಕೊಳ್ಳಿ. ಆಗ ತಂತಿಯ ಒಂದೊಂದು ಮೀಟರನ್ನೂ ದೂರ ತಳ್ಳುವ ಬಲ ಎಷ್ಟು ಗೊತ್ತಾ? ಸುಮಾರು 3.4 ಕೋಟಿ ಕೋಟಿ ಟನ್ ತೂಕದಷ್ಟು. ಇದು ತಲೆಗೆ ಹೋಗೋ ಅಂಕಿ ಅಲ್ಲ. ಕೆಆರ್‌ಎಸ್ 124.8 ಅಡಿ ತುಂಬಿದಾಗ ಅದರಲ್ಲಿರುವ ನೀರು ಸುಮಾರು 49 ಟಿಎಂಸಿ, ತೂಕ 140 ಕೋಟಿ ಟನ್ ಆಸುಪಾಸು. ಅಂಥ 2 ಲಕ್ಷದ 40 ಸಾವಿರ ಕೆಆರ್‌ಎಸ್‌ಗಳನ್ನು ಒಂದು ಮೀಟರ್ ತಂತಿಯ ಮೇಲೆ ಹೇರಿದ ಹಾಗೆ. ಇದು ವಿದ್ಯುತ್ ಬಲ.

ಈಗ ಅದೇ ತಂತಿಗಳು, ಮಾಮೂಲಿ ತಂತಿಗಳಾಗಿಯೇ ಇರಲಿ. ಧನ, ಋಣ ಎರಡೂ ತಾಳೆಯಾಗಿವೆ. ಎರಡರಲ್ಲೂ ಒಂದೇ ದಿಕ್ಕಿಗೆ 10 ಆಂಪಿಯರ್ ಕರೆಂಟು ಹರಿಸಿ. ಎರಡೂ ಒಂದನ್ನೊಂದು ಎಳೆಯುತ್ತವೆ. ಇದು ಕಾಂತೀಯ ಬಲ. ಪ್ರತಿ ಮೀಟರಿಗೆ ಎಷ್ಟು? 2 ಮಿಲಿಗ್ರಾಂ ತೂಕದಷ್ಟು. ಹೆಚ್ಚುಕಡಿಮೆ ಒಂದು ರಾಗಿಕಾಳು.

ಒಂದು ಕಡೆ ಎರಡೂ ಚಿಲ್ಲರೆ ಲಕ್ಷ ಕೆಆರ್‌ಎಸ್, ಇನ್ನೊಂದು ಕಡೆ ಒಂದು ರಾಗಿಕಾಳು. ಅನುಪಾತ ಬರೆದರೆ ಬಿಂದುವಿನ ಮುಂದೆ 23 ಸೊನ್ನೆ, ಆಮೇಲೆ ಒಂದು 6.

ಈ 6 ಎಲ್ಲಿಂದ ಬಂತು ಅನ್ನೋದೇ ಇಡೀ ಕತೆ. ತಂತಿಯಲ್ಲಿ ಎಲೆಕ್ಟ್ರಾನುಗಳು ಬಾಣದ ಹಾಗೆ ಓಡುತ್ತವೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಇಲ್ಲ. ಈ ತಂತಿಯಲ್ಲಿ 10 ಆಂಪಿಯರ್ ಹರಿಯುವಾಗ ಅವು ಸಾಗುವ ವೇಗ ಸೆಕೆಂಡಿಗೆ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಒಂದು ಮೀಟರ್ ದಾಟೋಕೆ 22-23 ನಿಮಿಷ. ಇರುವೆ ಎಷ್ಟೋ ಮುಂದೆ ಹೋಗಿರುತ್ತೆ. (ಒಳಗೆ ಅವು ದಿಕ್ಕುದೆಸೆ ಇಲ್ಲದೆ ಜೋರಾಗಿಯೇ ಓಡಾಡ್ತಿರ್ತವೆ, ಆದರೆ ಎಲ್ಲ ದಿಕ್ಕಿಗೂ ಓಡೋದ್ರಿಂದ ಅದು ಲೆಕ್ಕಕ್ಕಿಲ್ಲ. ನಾನು ಹೇಳ್ತಿರೋದು ಒಟ್ಟಾಗಿ ಮುಂದೆ ಸಾಗುವ ವೇಗ.) ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಹತ್ತೋದು ಯಾಕಂದ್ರೆ ಪೈಪಿನ ತುಂಬ ಮೊದಲೇ ನೀರು ಇದೆ, ಈ ತುದಿಯಲ್ಲಿ ತಳ್ಳಿದರೆ ಆ ತುದಿಯಲ್ಲಿ ಬರುತ್ತೆ. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವಂಥದ್ದು. ಅಲ್ಲಿ ಎಲೆಕ್ಟ್ರಾನು ಮುಂದಕ್ಕೇ ಹೋಗೋದಿಲ್ಲ. ತಲೆಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟು ಜಾಗದಲ್ಲಿ ಅಲ್ಲೇ ತೂಗಾಡ್ತಾ ಇರುತ್ತೆ.

ಈ ಇರುವೆಗಿಂತ ನಿಧಾನದ ವೇಗವನ್ನು ಬೆಳಕಿನ ವೇಗದಿಂದ, ಅಂದ್ರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರಿನಿಂದ ಭಾಗಿಸಿ. ಬಂದ ಉತ್ತರವನ್ನು ಅದರಿಂದಲೇ ಗುಣಿಸಿ. ಬಿಂದುವಿನ ಮುಂದೆ 23 ಸೊನ್ನೆ, ಒಂದು 6. ಅದೇ ಅನುಪಾತ! ಪಕ್ಕಪಕ್ಕ ಚಲಿಸುವ ವಿದ್ಯುದಂಶಗಳ ನಡುವಿನ ಕಾಂತೀಯ ಬಲ ಅಂದ್ರೆ, ವಿದ್ಯುತ್ ಬಲದಲ್ಲಿ ಅವುಗಳ ವೇಗಕ್ಕೂ ಬೆಳಕಿನ ವೇಗಕ್ಕೂ ಇರುವ ಅನುಪಾತದ ವರ್ಗದಷ್ಟು ಪಾಲು. ನಾನು ಪರೀಕ್ಷೆಯಲ್ಲಿ ಇದನ್ನು ಬರೆದಿದ್ದೆ. ತಂತಿಯ ಚೂರೊಂದಕ್ಕೆ ಹಾಕಿ ನೋಡಿರಲಿಲ್ಲ, ಅಷ್ಟೇ.

ಇಷ್ಟಾದ ಮೇಲೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಹುಟ್ಟುಗುಣ. ಧನ ವಿದ್ಯುದಂಶದ ಎಳೆತ, ಋಣ ವಿದ್ಯುದಂಶದ ತಳ್ಳಾಟ, ಚಲನೆಯಿಂದ ಬಂದ ಈ ಸಣ್ಣ ತಿದ್ದುಪಡಿ ಮೂರನ್ನೂ ಹಾಕಿ ಎಷ್ಟು ಉಳಿಯುತ್ತೆ ಅಂತ ಕೇಳಿದೆ. ಉತ್ತರ: 0.0.

ಮತ್ತೆ ಓಡಿಸಿದೆ. 0.0. ಕಂಪ್ಯೂಟರ್ ಸಾಮಾನ್ಯವಾಗಿ ಒಂದು ಸಂಖ್ಯೆಯ ಮೊದಲ 15-16 ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೆ. 24ನೇ ಸ್ಥಾನದಲ್ಲಿರೋ 6 ಅದಕ್ಕೆ ಕಾಣಿಸೋದೇ ಇಲ್ಲ, ಸೊನ್ನೆ ಅಂತ ಹೊಡೆದು ಹಾಕುತ್ತೆ. ನನ್ನ ಪ್ರೋಗ್ರಾಂ ಪ್ರಕಾರ ಜಗತ್ತಿನಲ್ಲಿ ಕಾಂತೀಯ ಬಲವೇ ಇಲ್ಲ, ಅಪ್ಪ ಕಟ್ಟಿದ ಒಂದು ಮೋಟಾರೂ ತಿರುಗೋದಿಲ್ಲ. ಆಗ ಮೇಲೆ ನೋಡಿದೆ. ಫ್ಯಾನ್ ತಿರುಗ್ತಾ ಇತ್ತು. ಹೆಚ್ಚು ಅಂಕಿ ಇಟ್ಟುಕೊಳ್ಳುವ ಲೈಬ್ರರಿ ಹಾಕಿದ ಮೇಲೆ ರಾಗಿಕಾಳು ಹೊರಗೆ ಬಂತು.

ನಾನು ಕೆಲಸ ಮಾಡೋದು ಹಣ ಪಾವತಿಯ ಸಾಫ್ಟ್‌ವೇರಿನಲ್ಲಿ. ಕೋಟಿಗಟ್ಟಲೆ ಜಮಾ, ಕೋಟಿಗಟ್ಟಲೆ ಖರ್ಚು, ಕೊನೆಗೆ ಒಂದು ಪೈಸೆ ತಾಳೆ ಆಗದಿದ್ದರೆ ರಾತ್ರಿಯೆಲ್ಲ ಹುಡುಕ್ತೀವಿ. ಇಲ್ಲಿಯೂ ಅದೇ ಲೆಕ್ಕ. ಜಮಾ ಕಡೆ ಲಕ್ಷಗಟ್ಟಲೆ ಕೆಆರ್‌ಎಸ್, ಖರ್ಚಿನ ಕಡೆ ಅಷ್ಟೇ ಕೆಆರ್‌ಎಸ್. ಕಳೆದರೆ ಉಳಿಯುವ ಪೈಸೆಗಿಂತ ಸಣ್ಣ ಬಾಕಿಗೆ ಮನುಷ್ಯರು ಮ್ಯಾಗ್ನೆಟಿಸಂ ಅಂತ ಬೇರೆ ಖಾತೆ ತೆರೆದಿದ್ದಾರೆ.

ಬೇರೆ ಖಾತೆ ತೆರೆದದ್ದು ತಪ್ಪೇನಲ್ಲ. 1820ರವರೆಗೆ ಎರಡಕ್ಕೂ ಸಂಬಂಧ ಇದೆ ಅಂತಲೇ ಯಾರೂ ತೋರಿಸಿರಲಿಲ್ಲ. ಆ ವರ್ಷ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸೋದನ್ನು ಪ್ರಕಟಿಸಿದರು. ಸುದ್ದಿ ತಲುಪಿದ ಕೆಲವೇ ವಾರಗಳಲ್ಲಿ ಪ್ಯಾರಿಸ್ಸಿನಲ್ಲಿ ಆಂಪಿಯರ್, ಮ್ಯಾಗ್ನೆಟ್ಟೇ ಇಲ್ಲದೆ ಎರಡು ತಂತಿಗಳು ಒಂದನ್ನೊಂದು ಎಳೆಯೋದನ್ನು ತೋರಿಸಿದರು. 1856ರಲ್ಲಿ ಜರ್ಮನಿಯ ವೆಬರ್ ಮತ್ತು ಕೋಲ್‌ರಾಷ್, ಎರಡು ಬಲಗಳನ್ನು ಹೋಲಿಸಿ ಅಳೆದರು. ಬಂದ ಅನುಪಾತ ಒಂದು ವೇಗದ ರೂಪದಲ್ಲಿತ್ತು, ಸೆಕೆಂಡಿಗೆ ಸುಮಾರು 3 ಲಕ್ಷದ 10 ಸಾವಿರ ಕಿಲೋಮೀಟರ್. ಅವರು ಬೆಳಕಿನ ಬಗ್ಗೆ ಏನೂ ಅಳೆದಿರಲಿಲ್ಲ. ಇದು ಬೆಳಕಿನ ವೇಗದ ಹತ್ತಿರ ಇದೆಯಲ್ಲ ಅಂತ ಅದರ ಬೆನ್ನುಹತ್ತಿ, ಬೆಳಕೇ ವಿದ್ಯುತ್ಕಾಂತೀಯ ಅಲೆ ಅಂತ ಹೇಳಿದವರು ಮ್ಯಾಕ್ಸ್‌ವೆಲ್. ಗಾಜಿನ ಜಾಡಿಯಲ್ಲಿ ವಿದ್ಯುದಂಶ ತುಂಬಿಸಿ, ಸುರುಳಿಯಲ್ಲಿ ಹರಿಸಿ, ಸೂಜಿ ಎಷ್ಟು ವಾಲಿತು ಅಂತ ನೋಡಿದವರ ಕೈಗೆ ಬೆಳಕಿನ ವೇಗ ಸಿಕ್ಕಿದ್ದು ನನಗೆ ಇವತ್ತಿಗೂ ಮೈ ಜುಂ ಅನ್ನಿಸುತ್ತೆ.

ಬೆಳಿಗ್ಗೆ ಕಾಫಿ ಹೊತ್ತಿಗೆ ಅಂಗಡಿಯಲ್ಲೇ ಪಾಠ ಶುರು ಮಾಡಿದೆ. ಕೇಳುವವರು ಪುಟ್ಟಿ. ಅಪ್ಪ ಕೇಳಿಸಿಕೊಳ್ಳದವರ ಹಾಗೆ ಕಾಯಿಲು ಸುತ್ತುತ್ತಿದ್ದರು. ಕೆಆರ್‌ಎಸ್, ರಾಗಿಕಾಳು ಎಲ್ಲ ಹೇಳಿದೆ. ಅಪ್ಪ ಬಾಯಿ ತೆರೆದದ್ದು ಒಂದೇ ಕಡೆ.

"1 ಸ್ಕ್ವೇರ್ ಎಂಎಂ ವೈಂಡಿಂಗ್‌ಗೆ 10 ಆಂಪ್ಸ್ ಹಾಕಿದ್ರೆ ಸಾಯಂಕಾಲಕ್ಕೆ ವಾಪಸ್ ನನ್ನ ಹತ್ರಾನೇ ಬರುತ್ತೆ."

ಲೆಕ್ಕ ಸುಲಭ ಆಗಲಿ ಅಂತ ತಗೊಂಡೆ ಅಪ್ಪ ಅಂದೆ.

ಪುಟ್ಟಿಗೆ ಅರ್ಥ ಆಗದ್ದು ಇನ್ನೊಂದು. "ಓಡಿದ್ರೆ ಯಾಕೆ ಬಾಕಿ ಉಳೀಬೇಕು? ಧನ, ಋಣ ಅಷ್ಟಷ್ಟೇ ಇವೆಯಲ್ಲ?"

ಜಾತ್ರೆಯ ಉದಾಹರಣೆ ಕೊಟ್ಟೆ. ರಸ್ತೆಯಲ್ಲಿ ಎರಡು ಸಾಲು ಜನ. ಒಂದು ಸಾಲು ನಿಂತಿದೆ, ಅದು ತಾಮ್ರದ ಧನ ವಿದ್ಯುದಂಶ. ಇನ್ನೊಂದು ನಿಧಾನ ನಡೀತಿದೆ, ಅದು ಎಲೆಕ್ಟ್ರಾನು. ನಿಂತು ನೋಡುವವನಿಗೆ ಎರಡೂ ಸಾಲಿನಲ್ಲಿ ಮೀಟರಿಗೆ ಅಷ್ಟಷ್ಟೇ ಜನ. ಈಗ ನೀನೂ ಪಕ್ಕದ ತಂತಿಯ ಎಲೆಕ್ಟ್ರಾನಾಗಿ ಅದೇ ದಿಕ್ಕಿಗೆ ಅದೇ ವೇಗದಲ್ಲಿ ನಡಿ. ನಡೆಯುವ ಸಾಲು ನಿನ್ನ ಜೊತೆಗೇ ನಿಂತ ಹಾಗೆ ಕಾಣುತ್ತೆ, ನಿಂತ ಸಾಲು ಹಿಂದಕ್ಕೆ ಹೋದ ಹಾಗೆ ಕಾಣುತ್ತೆ. ಓಡುವ ವಸ್ತು ಓಡುವ ದಿಕ್ಕಿನಲ್ಲಿ ಒಂದು ಕೂದಲೆಳೆಯಷ್ಟು ಕುಗ್ಗುತ್ತೆ ಅನ್ನೋದು 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸಿದ್ಧಾಂತದ ಮಾತು. ಕೂದಲೆಳೆ ಅಂದದ್ದು ಬಾಯಿಮಾತಿಗೆ, ಇಲ್ಲಿ ಕುಗ್ಗೋದು 24ನೇ ಅಂಕಿಯಲ್ಲಿ. ಆದರೆ ನಿನ್ನ ಕಣ್ಣಿಗೆ ಧನದ ಸಾಲು ಅಷ್ಟು ಒತ್ತಾಯಿತು, ಋಣದ ಸಾಲು ಅಷ್ಟು ಸಡಿಲ ಆಯ್ತು. ತಾಳೆ ತಪ್ಪಿತು. ಧನ ಒಂಚೂರು ಜಾಸ್ತಿ, ನೀನು ಋಣ, ಆ ಕಡೆ ಎಳೆತ. ರಸ್ತೆ ಬದಿ ನಿಂತವನು ಇದನ್ನು ಮ್ಯಾಗ್ನೆಟಿಸಂ ಅಂತಾನೆ. ನಡೀತಿರೋ ನೀನು ವಿದ್ಯುತ್ ಬಲ ಅಂತೀಯ.

"ಇಬ್ಬರೂ ಸರಿನಾ?"

"ಇಬ್ಬರೂ ಸರಿ."

ಅಪ್ಪನ ಕೈ ನಿಂತಿತ್ತು. "ರಾಗಿಕಾಳು ಸರಿಯಮ್ಮ. ರಾಗಿಕಾಳಿನ ಬಲದಿಂದ ಐನೂರು ಅಡಿ ಬೋರ್‌ವೆಲ್ಲಿಂದ ನೀರು ಹೇಗೆ ಬರುತ್ತೆ?"

ಅದಕ್ಕೆ ಉತ್ತರ ಅವರ ಕೈಯಲ್ಲೇ ಇತ್ತು. ಒಂದು ಮೀಟರ್ ದೂರದ ಒಂದೇ ಸುತ್ತು ತಂತಿಯ ಲೆಕ್ಕ ನಾನು ಹೇಳಿದ್ದು. ಅಪ್ಪ ಒಂದೊಂದು ಸ್ಲಾಟಿಗೂ ಹತ್ತಾರು ಸುತ್ತು ತುಂಬಿಸುತ್ತಾರೆ. ಚಿಕ್ಕವಳಿದ್ದಾಗ ಸುತ್ತು ಎಣಿಸೋದು ನನ್ನ ಕೆಲಸವಾಗಿತ್ತು, ಒಂದು ತಪ್ಪಿದರೂ ಬಿಚ್ಚಿಸುತ್ತಿದ್ದರು. ಸುತ್ತಿಗೊಂದು ಪಾಲಿನಂತೆ ಬಲ ಸೇರುತ್ತಾ ಹೋಗುತ್ತೆ. ಅದರ ಮೇಲೆ ಸ್ಟೇಟರಿನ ಕಬ್ಬಿಣ, ಕಾಯಿಲಿನ ಕಾಂತಕ್ಷೇತ್ರವನ್ನು ಸಾವಿರಾರು ಪಟ್ಟು ಹೆಚ್ಚಿಸಬಲ್ಲದು. ಅದಕ್ಕೆ ಸ್ಟೇಟರಿಗೂ ರೋಟಾರಿಗೂ ನಡುವೆ ಒಂದು ಬ್ಲೇಡು ಹೋಗುವಷ್ಟೇ ಸಂದು. ಬೇರಿಂಗ್ ಸವೆದು ಆ ಸಂದು ಒಂದು ಪಕ್ಕಕ್ಕೆ ವಾಲಿದರೆ ಏನಾಗುತ್ತೆ ಅಂತ ಅಪ್ಪನಿಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಗೆ ಬಂದಾಗ ಲೆಕ್ಕ ಪೂರಾ ತಿರುಗುಮುರುಗಾಗುತ್ತೆ. ವಿದ್ಯುತ್ ಬಲ ಅಷ್ಟು ದೊಡ್ಡದಾದರೆ ಅದರಿಂದಲೇ ನೇರವಾಗಿ ಮೋಟಾರ್ ತಿರುಗಿಸಬಹುದಲ್ಲ? ಪ್ರಯತ್ನ ಆಗಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದಲ್ಲೇ ಬರೀ ವಿದ್ಯುದಂಶದ ಸೆಳೆತದಿಂದ ತಿರುಗುವ ಚಕ್ರ ಮಾಡಿದ್ದರು. ತೊಂದರೆ ಏನಂದ್ರೆ ಧನ, ಋಣಗಳನ್ನು ಬೇರೆ ಬೇರೆ ಮಾಡಿ ಇಡೋಕೆ ಗಾಳಿ ಬಿಡೋದಿಲ್ಲ. ಒಂದು ಮಿಲಿಮೀಟರ್ ಸಂದಿಗೆ ಸುಮಾರು 3,000 ವೋಲ್ಟ್ ದಾಟಿದರೆ ಚಟ್ ಅಂತ ಕಿಡಿ ಹಾರುತ್ತೆ, ಆಟ ಮುಗೀತು. ಆ ಮಿತಿಯವರೆಗೂ ಹೋದರೂ ಎರಡು ತಗಡುಗಳ ನಡುವೆ ಸಿಗುವ ಎಳೆತ ಒಂದು ಚದರ ಮೀಟರಿಗೆ ಬರೀ 4 ಕಿಲೋ ತೂಕದಷ್ಟು. ಮ್ಯಾಗ್ನೆಟ್ಟಿಗೆ ಕಿಡಿಯ ಭಯ ಇಲ್ಲ. ಕಬ್ಬಿಣದಲ್ಲಿ ಆರಾಮಾಗಿ ಸಿಗುವ 1 ಟೆಸ್ಲಾ ಕಾಂತಕ್ಷೇತ್ರದಲ್ಲಿ ಅದೇ ಒಂದು ಚದರ ಮೀಟರಿಗೆ ಎಳೆತ 40 ಟನ್. ಹತ್ತು ಸಾವಿರ ಪಟ್ಟು! ಪರಮಾಣುವಿನ ಮಟ್ಟದಲ್ಲಿ ಕೆಆರ್‌ಎಸ್ ಆಗಿದ್ದವನು ಅಂಗಡಿಯ ಮೇಜಿನ ಮೇಲೆ ಸೋತ. ತಾತನ ಓಟು ಪೂರ್ತಿ ತಪ್ಪಲ್ಲ ಅಂತ ಪುಟ್ಟಿಗೆ ಹೇಳಿದೆ.

ತೀರಾ ಸಣ್ಣ ಜಗತ್ತಿಗೆ ಹೋದರೆ ಮತ್ತೆ ಉಲ್ಟಾ. ಕೆಲವು ಮೈಕ್ರೋಮೀಟರ್ ಸಂದಿನಲ್ಲಿ ಗಾಳಿ ಇನ್ನೂ ಹೆಚ್ಚು ತಡೆದುಕೊಳ್ಳುತ್ತೆ, ಕಾಯಿಲು ಸುತ್ತೋಕೆ ಜಾಗವೇ ಇರೋದಿಲ್ಲ. ನನ್ನ ಮೊಬೈಲ್ ತಿರುಗಿಸಿ ಪುಟ್ಟಿಗೆ ತೋರಿಸಿದೆ. ಅದು ತಿರುಗಿದ್ದನ್ನು ಪತ್ತೆ ಹಚ್ಚುವ ಚಿಪ್ಪಿನೊಳಗೆ ಸಿಲಿಕಾನಿನ ಬಾಚಣಿಗೆಯಂಥ ಹಲ್ಲುಗಳಿವೆ. ಅವನ್ನು ಅಲುಗಾಡಿಸೋದು ವಿದ್ಯುತ್ ಬಲವೇ. ನಿನ್ನೆ ಸೋತ ಬಾಚಣಿಗೆ ಅಲ್ಲಿ ಗೆದ್ದಿದೆ.

ಪುಟ್ಟಿ ಸ್ಪೀಕರ್ ಮ್ಯಾಗ್ನೆಟ್ ಕೈಗೆತ್ತಿಕೊಂಡಳು. "ಇದರಲ್ಲಿ ಕರೆಂಟೆಲ್ಲಿದೆ ಅತ್ತೆ? ವೈರೇ ಇಲ್ಲ."

ನಿಜ ಹೇಳಬೇಕಂದ್ರೆ ಈ ಪ್ರಶ್ನೆ ಬೇಡ ಅಂತ ಬೇಡಿಕೊಳ್ತಿದ್ದೆ. ಇಲ್ಲಿ ಜಾತ್ರೆಯ ಸಾಲಿನ ಉದಾಹರಣೆ ನಡೆಯೋದಿಲ್ಲ. ಪ್ರತಿ ಎಲೆಕ್ಟ್ರಾನೂ ಹುಟ್ಟಿನಿಂದಲೇ ಒಂದು ಪುಟ್ಟ ಮ್ಯಾಗ್ನೆಟ್. ಬಹಳಷ್ಟು ವಸ್ತುಗಳಲ್ಲಿ ಅವು ಜೋಡಿಯಾಗಿ, ಎದುರುಬದುರಾಗಿ ಕೂತು ಲೆಕ್ಕ ಚುಕ್ತಾ ಆಗಿರುತ್ತೆ. ಕಬ್ಬಿಣದಂಥ ಕೆಲವೇ ವಸ್ತುಗಳಲ್ಲಿ ಜೋಡಿ ಸಿಗದ ಎಲೆಕ್ಟ್ರಾನುಗಳು ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ಅವನ್ನು ಹಾಗೆ ನಿಲ್ಲಿಸೋದು ಯಾರು ಅನ್ನೋದು ಸ್ವಾರಸ್ಯ. ಒಂದರ ಮ್ಯಾಗ್ನೆಟ್ ಇನ್ನೊಂದನ್ನು ಎಳೆದು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಆ ಸೆಳೆತ ಎಷ್ಟು ಬಡಪಾಯಿ ಅಂದ್ರೆ, ಬರೀ ಅದನ್ನೇ ನಂಬಿದರೆ ಮೈನಸ್ 272 ಡಿಗ್ರಿ ಆಸುಪಾಸಿನ ಚಳಿಯಲ್ಲಿ ಮಾತ್ರ ಸಾಲು ನಿಲ್ಲುತ್ತೆ, ಸ್ವಲ್ಪ ಬೆಚ್ಚಗಾದರೆ ಚೆಲ್ಲಾಪಿಲ್ಲಿ. ಆದರೆ ಕಬ್ಬಿಣದಲ್ಲಿ ಸಾಲು ಕೆಡೋದು 770 ಡಿಗ್ರಿಗೆ. ಅಷ್ಟು ಗಟ್ಟಿಯಾಗಿ ಹಿಡಿದಿರೋದು ಎಲೆಕ್ಟ್ರಾನುಗಳ ನಡುವಿನ ವಿದ್ಯುತ್ ತಳ್ಳಾಟ, ಕ್ವಾಂಟಂ ನಿಯಮದ ಜೊತೆ ಸೇರಿ. ಒಂದೇ ಮುಖವಾಗಿ ನಿಂತ ಎಲೆಕ್ಟ್ರಾನುಗಳು ಒಂದಕ್ಕೊಂದು ದೂರ ಇರಬೇಕಾಗುತ್ತೆ, ದೂರ ಇದ್ದರೆ ತಳ್ಳಾಟ ಕಡಿಮೆ, ಅದೇ ಅವಕ್ಕೆ ಲಾಭ. ಅಂದ್ರೆ ಸ್ಪ್ಯಾನರ್ ಕಚ್ಚಿಕೊಂಡ ಮ್ಯಾಗ್ನೆಟ್ಟಿನ ಒಳಗೆ ಶಿಸ್ತು ಕಾಯ್ತಿರೋದು ನಿನ್ನ ಪಾರ್ಟಿಯವನೇ ಪುಟ್ಟಿ ಅಂದೆ. ಅವಳಿಗೆ ಎಷ್ಟು ಅರ್ಥ ಆಯ್ತೋ, ಗೆದ್ದದ್ದು ಮಾತ್ರ ಅರ್ಥ ಆಯ್ತು.

ಅವಳು ತಿಂಡಿಗೆ ಒಳಗೆ ಹೋದಳು. ಅಂಗಡಿಯಲ್ಲಿ ಅಪ್ಪ, ನಾನು. ಮೂಲೆಯಲ್ಲಿ ಗಿರಣಿಯ 10 ಎಚ್‌ಪಿ ಮೋಟಾರು, ಬಿಚ್ಚಿಟ್ಟ ರೋಟಾರು.

"ಅಪ್ಪ, ಅವತ್ತು ನೀವು ಕೇಳಿದ್ರಲ್ಲ, ರೋಟಾರನ್ನ ಹಿಡಿದು ತಿರುಗಿಸೋದು ಯಾರು ಅಂತ."

ಅವರು ಮರೆತಿರಲಿಲ್ಲ. ಮರೆತಿದ್ದೇನೆ ಅನ್ನೋ ಹಾಗೆ ಮುಖ ಮಾಡಿದರು.

ಸೂತ್ರ ಬಿಟ್ಟು ಹೇಳಿದೆ. ಮೂರು ಫೇಸಿನ ಕರೆಂಟು ಒಂದರ ಹಿಂದೆ ಒಂದು ಏರಿಳಿಯೋದ್ರಿಂದ ಸ್ಟೇಟರಿನ ಕಾಂತಕ್ಷೇತ್ರ ಸುತ್ತುತ್ತೆ. ಈ ಮೋಟಾರಿನಲ್ಲಿ ನಿಮಿಷಕ್ಕೆ 1,500 ಸುತ್ತು. ರೋಟಾರಿನೊಳಗೆ ಎರಕ ಹೊಯ್ದ ಅಲ್ಯೂಮಿನಿಯಂ ಸಲಾಕೆಗಳಿವೆ. ಸ್ಟೇಟರ್ ಕಡೆ ನಿಂತು ನೋಡಿದರೆ ಹೊರಗಿರೋದು ಮ್ಯಾಗ್ನೆಟ್. ಆದರೆ ಸಲಾಕೆಯ ಮೇಲೆ ಕೂತು ನೋಡಿದರೆ, ಪಕ್ಕದಲ್ಲಿ ಕಾಂತಕ್ಷೇತ್ರ ಸರಿದು ಹೋಗ್ತಾ ಇರೋದ್ರಿಂದ, ಒಳಗಿನ ಎಲೆಕ್ಟ್ರಾನನ್ನು ತಳ್ಳೋದು ವಿದ್ಯುತ್ ಬಲ. ತಂತಿ ಇಲ್ಲದೆಯೂ ಅಲ್ಲಿ ಕರೆಂಟು ಹುಟ್ಟುತ್ತೆ. ಆ ಕರೆಂಟನ್ನೇ ಸ್ಟೇಟರಿನ ಮ್ಯಾಗ್ನೆಟ್ ಹಿಡಿದುಕೊಂಡು ತಳ್ಳುತ್ತೆ. ಐನ್‌ಸ್ಟೈನರ 1905ರ ಲೇಖನ ಶುರುವಾಗೋದೂ ಇಂಥದೇ ಒಗಟಿನಿಂದ. ಮ್ಯಾಗ್ನೆಟ್ ಚಲಿಸಿದರೂ ತಂತಿ ಚಲಿಸಿದರೂ ಬರುವ ಕರೆಂಟು ಒಂದೇ, ಹಾಗಿರುವಾಗ ಎರಡಕ್ಕೂ ಬೇರೆ ಬೇರೆ ವಿವರಣೆ ಯಾಕೆ ಅಂತ. ನಿಮ್ಮ ಪ್ರಶ್ನೆಯೂ ಅದೇ ಜಾತಿಯದು ಅಪ್ಪ ಅಂದೆ. ಹನ್ನೊಂದು ವರ್ಷದ ಹಿಂದೆ ಅಂದ ಮಾತಿಗೆ ಬೇರೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎದ್ದು ಹೋಗಿ ಮೋಟಾರಿನ ನೇಮ್‌ಪ್ಲೇಟನ್ನು ಬಟ್ಟೆಯಿಂದ ಒರೆಸಿದರು. 1440 ಅಂತ ಇತ್ತು.

"ನೀನು 1,500 ಅಂತೀಯ. ಇಲ್ಲಿ 1440 ಇದೆ. ಮೂವತ್ತು ವರ್ಷದಿಂದ ನೋಡ್ತಿದೀನಿ. ಉಳಿದ 60 ಸೋರಿಹೋಗುತ್ತೆ ಅಂತ ನಾನು ಅಂದ್ಕೊಂಡಿದ್ದೆ."

"ಸೋರೋದಲ್ಲ ಅಪ್ಪ. ರೋಟಾರೂ 1,500ರಲ್ಲೇ ತಿರುಗಿದರೆ ಅದರ ಲೆಕ್ಕಕ್ಕೆ ಕಾಂತಕ್ಷೇತ್ರ ನಿಂತ ಹಾಗೆ. ನಿಂತಿದ್ದರೆ ಸಲಾಕೆಯಲ್ಲಿ ಕರೆಂಟು ಹುಟ್ಟಲ್ಲ, ಕರೆಂಟಿಲ್ಲದಿದ್ರೆ ತಳ್ಳೋಕೆ ಏನೂ ಇರಲ್ಲ. ಆ 60 ಹಿಂದೆ ಬಿದ್ದರೇನೇ ತಿರುಗೋದು."

"ಅದಕ್ಕೇ ಲೋಡ್ ಜಾಸ್ತಿ ಆದ್ರೆ ಸ್ಪೀಡ್ ಇನ್ನೂ ಇಳಿಯೋದು" ಅಂದರು. ನಾನು ಇನ್ನೂ ಅದನ್ನು ಹೇಳಿರಲಿಲ್ಲ.

ಗಿರಣಿಯವರು ಬಂದರು. ಮೋಟಾರು ಆಯ್ತಾ ಅಂತ ಕೇಳಿದರು. "ನಾಳೆ ಬೆಳಿಗ್ಗೆ ಬನ್ನಿ, ವಾರ್ನಿಷ್ ಒಣಗಬೇಕು" ಅಂದರು ಅಪ್ಪ. ಅವರು ಹೋದಮೇಲೆ ಮತ್ತೆ ಸ್ಟೂಲಿನ ಮೇಲೆ ಕೂತು ಕಾಯಿಲು ಕೈಗೆತ್ತಿಕೊಂಡರು.

"ಮನೆ ಮೋಟಾರು ಸಿಂಗಲ್ ಫೇಸು. ಕೆಪಾಸಿಟರ್ ಹೋದ್ರೆ ಗುಂಯ್ ಅಂತ ಕೂತಿರುತ್ತೆ, ಕೈಯಲ್ಲಿ ಒಂದು ಸಲ ತಿರುಗಿಸಿಬಿಟ್ಟರೆ ಆಮೇಲೆ ತಾನೇ ತಿರುಗುತ್ತೆ. ಯಾವ ಕಡೆ ತಿರುಗಿಸ್ತೀವೋ ಆ ಕಡೆ. ಅದು ಯಾಕೆ?"

ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ಸಲ ಹೇಳ್ತೀನಿ ಅಂದೆ.

"ದೀಪಾವಳಿಗೆ ಬರ್ತೀಯಲ್ಲ" ಅಂದರು.